ಮುಂಚೆ ಹೋಗಿ ಬರುವವಳು

ರೊಸೆಲಿಡಾ ಅಪೊಂಡಿಯ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಕಿಸುಮು ಪಟ್ಟಣದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ಅವಳನ್ನು ಹೊಗಳುತ್ತಾರೆ. ನನಗೆ ಅದು ಬರುವುದಿಲ್ಲ. ಎಂಟು ವರ್ಷ ಅವಳ ಜೊತೆ ಒಂದೇ ಸೂರಿನಡಿ ಕೆಲಸ ಮಾಡಿದ್ದೇನೆ, ಎಂಟು ವರ್ಷವೂ ಅವಳನ್ನು ಕಂಡು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಹೊಗಳುವವರು ಮನುಷ್ಯರನ್ನು ಒಂದು ಸಲ ನೋಡಿ ಸುಮ್ಮನಾಗುತ್ತಾರೆ. ಹೊಟ್ಟೆಕಿಚ್ಚಿನವರು ದಿನಾ ನೋಡುತ್ತಾರೆ. ಆದ್ದರಿಂದ ನಾನೇ ಬರೆಯುತ್ತೇನೆ.

ಬಸ್ ನಿಲ್ದಾಣದ ಹಿಂದೆ ಹಳೆ ಬಟ್ಟೆ ಮಾರುವವರ ಸಾಲು ದಾಟಿದರೆ ನಮ್ಮ ತಂಗುಮನೆ. ಬೀದಿಯಲ್ಲಿ ಮಲಗುವ, ಚಪ್ಪಲಿಗೆ ಹಚ್ಚುವ ಗೋಂದನ್ನು ಬಾಟಲಿಯಲ್ಲಿಟ್ಟು ಮೂಸುತ್ತಾ ತಿರುಗುವ ಮಕ್ಕಳನ್ನು ಕರೆತಂದು, ಮೈ ತೊಳೆದು, ಉಣಿಸಿ, ಅವರ ಊರು ಯಾವುದೆಂದು ಪತ್ತೆ ಮಾಡಿ ಮನೆಗೆ ಮುಟ್ಟಿಸುವುದು ನಮ್ಮ ಕೆಲಸ. ಕಷ್ಟವೆಲ್ಲ ಆ ಪತ್ತೆಯಲ್ಲಿದೆ. ಬೀದಿಯ ಮಗು ನಿಜ ಹೇಳುವುದಿಲ್ಲ. ಹೆಸರು ಕೇಳಿದರೆ ಸುಳ್ಳು, ಊರು ಕೇಳಿದರೆ ಇನ್ನೊಂದು ಸುಳ್ಳು. ಅಪ್ಪ ಅಮ್ಮ ಇಬ್ಬರೂ ಸತ್ತರೆಂದು ಕಣ್ಣೀರು ಸುರಿಸಿದ ಹುಡುಗನ ಅಪ್ಪ ಮೂರನೆಯ ದಿನ ಬಾಗಿಲಿಗೆ ಬಂದು ನಿಂತದ್ದೂ ಉಂಟು.

ಈ ಕೆಲಸಕ್ಕೆಂದೇ ನಾನು ಎರಡು ವರ್ಷ ಓದಿ ಸರ್ಟಿಫಿಕೇಟು ತೆಗೆದುಕೊಂಡವಳು. ನನ್ನ ಹತ್ತಿರ ನಲವತ್ತೆರಡು ಪ್ರಶ್ನೆಗಳ ಒಂದು ಫಾರಂ ಇದೆ. ರೊಸೆಲಿಡಾ ಬಂದದ್ದು ಪಾತ್ರೆ ತೊಳೆಯಲು. ಆಮೇಲೆ ಅಡುಗೆಗೆ ನಿಂತಳು. ಅವಳ ಹತ್ತಿರ ಒಂದು ಪ್ರಶ್ನೆಯೂ ಇರಲಿಲ್ಲ, ಇದ್ದದ್ದು ಮುದ್ದೆ ತೊಳಸುವ ಒಂದು ಮರದ ಸೌಟು ಮಾತ್ರ.

ಅವಳು ಮಾಡುತ್ತಿದ್ದದ್ದು ಇಷ್ಟೇ. ಹೊಸ ಮಗು ಬಂದರೆ ಅದರ ಮುಂದೆ ಬಿಳಿ ಮೆಕ್ಕೆಜೋಳದ ಮುದ್ದೆ ಇಟ್ಟು ಎದುರಿಗೆ ಕೂರುವುದು. ಮುದ್ದೆಯನ್ನು ಬೇಕೆಂದೇ ಕೆಡಿಸಿರುತ್ತಿದ್ದಳು. ಒಂದು ದಿನ ಮೆತ್ತಗೆ, ಒಂದು ದಿನ ಗಂಟು ಗಂಟು. ಬೀದಿಯಲ್ಲಿ ಕೊಳೆತ ಬಾಳೆಹಣ್ಣು ತಿಂದು ಬೆಳೆದ ಮಗುವಾದರೂ ತಾಯಿಯ ಅಡುಗೆಯ ವಿಷಯಕ್ಕೆ ಬಂದರೆ ಸುಮ್ಮನಿರುವುದಿಲ್ಲ. "ಥೂ, ಇದೇನು? ನಮ್ಮಮ್ಮ ಹೀಗೆ ಮಾಡಲ್ಲ," ಎನ್ನುತ್ತದೆ. "ಹಾಗಾದ್ರೆ ಹೇಗೆ ಮಾಡ್ತಾಳಪ್ಪಾ, ನನಗೂ ಕಲಿಸು," ಎನ್ನುತ್ತಾಳೆ ಇವಳು. ಮರಗೆಣಸು ಬೆರೆಸುತ್ತಾರೋ, ಕೆಂಜೋಳ ಬೆರೆಸುತ್ತಾರೋ, ಸೊಪ್ಪಿಗೆ ಹಾಲು ಹಾಕುತ್ತಾರೋ, ಮೀನನ್ನು ಹೊಗೆಗೆ ಇಡುತ್ತಾರೋ ಬಿಸಿಲಿಗೆ ಇಡುತ್ತಾರೋ, ಎಲ್ಲ ಹೊರಗೆ ಬರುತ್ತದೆ. ಎರಡು ವಾರದಲ್ಲಿ ಅವಳು ಯಾವ ಸೀಮೆ, ಯಾವ ದಂಡೆ ಎಂದು ಹೇಳಿಬಿಡುತ್ತಿದ್ದಳು. ಅಷ್ಟು ಹೊತ್ತಿಗೆ ಮಗು ತಾನಾಗಿ ಹೆಸರನ್ನೂ ಹೇಳಿರುತ್ತಿತ್ತು.

ಇದಕ್ಕೆಲ್ಲ ಯಾವ ಕಾಲೇಜು ಸರ್ಟಿಫಿಕೇಟು ಕೊಡುತ್ತದೆ?

ನಮ್ಮ ಆಫೀಸಿನ ಗೋಡೆಗೆ ಮನೆ ಸೇರಿದ ಮಕ್ಕಳ ಫೋಟೊ ಅಂಟಿಸಿದ್ದಾರೆ. ಕಳೆದ ವರ್ಷದ ತನಕ ಅರವತ್ತೊಂದು ಫೋಟೊ. ಅವುಗಳಲ್ಲಿ ನಲವತ್ತೇಳರಲ್ಲಿ ರೊಸೆಲಿಡಾ ಇದ್ದಾಳೆ. ನಾನು ನಾಲ್ಕರಲ್ಲಿದ್ದೇನೆ. ಒಂದರಲ್ಲಿ ನನ್ನ ಮೊಣಕೈ ಮಾತ್ರ ಬಂದಿದೆ. ಲೆಕ್ಕ ಹಾಕುವುದು ಸಣ್ಣತನ ಎಂದು ನೀವು ಹೇಳಬಹುದು. ಹೌದು, ಸಣ್ಣತನವೇ. ದಿನಾ ಬೆಳಿಗ್ಗೆ ಆ ಗೋಡೆಯ ಎದುರು ಕೂತು ಫಾರಂ ತುಂಬಿಸಬೇಕಾದವಳು ನಾನು, ನೀವಲ್ಲ.

ಅವಳಿಗೆ ಇನ್ನೊಂದು ಪದ್ಧತಿ ಇತ್ತು. ಊರು ಪತ್ತೆಯಾದ ಮೇಲೆ ಮಗುವನ್ನು ನೇರ ಕರೆದೊಯ್ಯುತ್ತಿರಲಿಲ್ಲ. ಮೊದಲು ತಾನೊಬ್ಬಳೇ ಒಂದು ಸೋಪು, ಒಂದು ಪೊಟ್ಟಣ ಸಕ್ಕರೆ ಹಿಡಿದು ಹೋಗಿ ಬರುತ್ತಿದ್ದಳು. ಅದಾದ ಎರಡು ಮೂರು ದಿನಕ್ಕೆ ಮಗುವಿನ ಜೊತೆ ಮತ್ತೆ ಹೋಗುವುದು. ನಮ್ಮ ಹಿರಿಯರಾದ ಮೇಷ್ಟ್ರು ಓಗೊಲ, ಹಿಂದೆ ಶಾಲೆಯಲ್ಲಿ ಕಲಿಸಿದವರು, ಇದನ್ನೇ ತಂಗುಮನೆಯ ನಿಯಮ ಮಾಡಿದರು. ನಾನು ಅಡುಗೆಮನೆಯಲ್ಲಿ ಹೇಳಿಕೊಂಡು ತಿರುಗಿದೆ: "ಮುಂಚೆ ಹೋಗೋದು ಯಾಕೆ ಗೊತ್ತಾ? ಒಂದು ಮಗುವಿಗೆ ಎರಡು ಸಲ ಕೋಳಿ ಸಾರು."

ಅದು ಅವಳ ಕಿವಿಗೂ ಬಿತ್ತು. "ಸೇಮೆ ಮಗಳೇ," ಎಂದಳು. ನಮ್ಮಲ್ಲಿ ಮದುವೆಯಾದ ಹೆಂಗಸನ್ನು ತವರಿನ ಹೆಸರಿಂದಲೇ ಕರೆಯುವುದು. ನನ್ನದು ಸೇಮೆ, ಅವಳದು ಅಲೇಗೊ. "ಕೋಳಿ ಕಾಲು ನಿನಗೇ ಎತ್ತಿಟ್ಟಿರ್ತೀನಿ, ಕೊರಗಬೇಡ."

ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಕಳೆದ ವರ್ಷ ಹುಡುಗನೊಬ್ಬ ಬಂದ. ಬೀದಿಯಲ್ಲಿ ಹಳೆ ಬ್ಯಾಟರಿ ಆಯ್ದು ಮಾರುತ್ತಿದ್ದದ್ದರಿಂದ ಎಲ್ಲರೂ ಅವನನ್ನು ಬ್ಯಾಟರಿ ಎನ್ನುತ್ತಿದ್ದರು. ಹನ್ನೊಂದು ವರ್ಷ, ಚುರುಕು, ಓದು ಬರಹ ಬರುತ್ತಿತ್ತು. ಅವನನ್ನು ಬಸ್ ನಿಲ್ದಾಣದಿಂದ ಕರೆತಂದವಳು ನಾನು. ಅವನ ಕಾಲಿನ ಹುಣ್ಣಿಗೆ ಔಷಧಿ ಹಚ್ಚಿದವಳು ನಾನು. ಮೂರು ವಾರ ನನ್ನ ಪಕ್ಕದಲ್ಲೇ ಕೂತು ಲೆಕ್ಕ ಮಾಡುತ್ತಿದ್ದ. ಇವನು ನನ್ನವನು, ಇವನ ಫೋಟೊ ನನ್ನದು ಎಂದುಕೊಂಡಿದ್ದೆ. ನನ್ನ ನಲವತ್ತೆರಡು ಪ್ರಶ್ನೆಗೆ ಅವನು ನಗುನಗುತ್ತಾ ನಲವತ್ತೆರಡು ಸುಳ್ಳು ಹೇಳಿದ್ದ.

ಒಂದು ಸೋಮವಾರದ ಸಭೆಯಲ್ಲಿ ರೊಸೆಲಿಡಾ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು. "ಮೇಷ್ಟ್ರೇ, ಬ್ಯಾಟರಿ ಹೆಸರು ಒಕೆಯೊ. ಬೊಂಡೊ ದಾಟಿ ಉಲಾಂಗ ಅಂತ ಊರು, ಸರೋವರದ ದಂಡೆ. ಅಪ್ಪ ಇಲ್ಲ. ಅಮ್ಮ ಇದ್ದಾಳೆ, ಅಜ್ಜ ಇದ್ದಾನೆ."

"ಓಡಿ ಬಂದದ್ದು ಯಾಕಂತೆ?"

"ಚಿಕ್ಕಪ್ಪನ ದೋಣಿಯಲ್ಲಿ ನೀರು ಮೊಗೆಯೋಕೆ ಹಾಕಿದ್ರಂತೆ. ಒಂದು ಸಂಜೆ ಗಾಳಿ ಎದ್ದಿತ್ತು, ಹೆದರಿದ. ದೋಣಿ ಹತ್ತೋ ಬದಲು ಒಣಮೀನಿನ ಲಾರಿ ಹತ್ತಿ ಮೂಟೆ ಮಧ್ಯೆ ಕೂತ. ಎರಡು ವರ್ಷ ಆಯ್ತು. ಈಗ ಹೋದ್ರೆ ಚಿಕ್ಕಪ್ಪ ಹೊಡೀತಾನೆ ಅಂತ ಭಯ. ಗುರುವಾರ ನಾನು ಮುಂಚೆ ಹೋಗಿ ಬರ್ತೀನಿ."

ಮೂರು ವಾರ ನನ್ನ ಪಕ್ಕ ಕೂತವನು ನಿಜವನ್ನು ಅವಳ ಒಲೆಯ ಮುಂದೆ ಹೇಳಿದ್ದ. ಅಂದು ಹುಡುಗನ ಮೇಲೂ ಸಿಟ್ಟು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಮಂಗಳವಾರ ರೊಸೆಲಿಡಾಗೆ ಮಲೇರಿಯಾ ಬಂದು ಮನೆಯಲ್ಲಿ ಮಲಗಿದಳು. ದೇವರೇ ದಾರಿ ತೆರೆದ ಎಂದುಕೊಂಡೆ. ಬುಧವಾರ ಮೇಷ್ಟ್ರ ಮುಂದೆ ಹೋಗಿ ಹಸಿ ಸುಳ್ಳು ಹೇಳಿದೆ: "ಅವಳ ಪರಿಚಯದವರು ಉಲಾಂಗಕ್ಕೆ ಹೋಗಿ ಮನೆ ನೋಡಿ ಬಂದಿದ್ದಾರೆ, ಎಲ್ಲ ಸರಿ ಇದೆಯಂತೆ. ಹುಡುಗನನ್ನ ನಾನೇ ಕರ್ಕೊಂಡು ಹೋಗ್ತೀನಿ." ಮೇಷ್ಟ್ರು ನಂಬಿದರು. ಸರ್ಟಿಫಿಕೇಟು ಇದ್ದವಳು ಸುಳ್ಳು ಹೇಳುತ್ತಾಳೆಯೇ?

ಗುರುವಾರ ಬೆಳಿಗ್ಗೆ ಹುಡುಗನಿಗೆ ನೀಲಿ ಅಂಗಿ ಕೊಡಿಸಿದೆ. ವ್ಯಾನಿನಲ್ಲಿ ಕಿಟಕಿಗೆ ಅಂಟಿಕೊಂಡು ಕೂತಿದ್ದ. "ರೋಸಾ ಅಮ್ಮ ಮುಂಚೆ ಹೋಗಿ ಬಂದ್ರಾ?" ಎಂದು ಎರಡು ಸಲ ಕೇಳಿದ. "ಹೂಂ, ಹೋಗಿ ಬಂದಿದ್ದಾರೆ. ಸುಮ್ನೆ ಕೂತ್ಕೊ," ಎಂದೆ. ಅವನು ಸುಮ್ಮನೆ ಕೂತ. ಆ ನಂಬಿಕೆ ನನ್ನ ಮೇಲಿನದಲ್ಲ, ಅವಳ ಮೇಲಿನದು. ಅದಕ್ಕೂ ಹೊಟ್ಟೆ ಉರಿಯಿತು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಉಲಾಂಗ ತಲುಪಿದಾಗ ನೆತ್ತಿಯ ಮೇಲೆ ಬಿಸಿಲು. ಹುಡುಗ ದಾರಿ ಮರೆತಿರಲಿಲ್ಲ, ಮುಂದೆ ಮುಂದೆ ಓಡಿದ. ಕಳ್ಳಿ ಬೇಲಿಯ ದೊಡ್ಡ ಅಂಗಳ, ತೆರೆದ ಗೇಟು. ಅವನು ಒಳಗೆ ಹೋದ, ನಾನು ಫೋನು ಕೈಯಲ್ಲಿ ಹಿಡಿದು ಫೋಟೊಗೆ ಸಿದ್ಧಳಾಗಿ ಹಿಂದೆ ಹೋದೆ.

ಅಂಗಳದಲ್ಲಿ ಮೀನು ಹರವುತ್ತಿದ್ದ ಹೆಂಗಸು ತಲೆಯೆತ್ತಿದಳು. ಅವಳ ಬಾಯಿಂದ ಬಂದ ಕೂಗನ್ನು ನಾನು ಸಂತೋಷವೆಂದುಕೊಂಡೆ. ಅದು ಸಂತೋಷವಲ್ಲ. ಒಳಗಿಂದ ಹೆಂಗಸರು ಓಡಿ ಬಂದರು. ಹುಡುಗನನ್ನು ನೋಡಿದವರೇ ಆ ತಾಯಿಯನ್ನು ಸೊಂಟಕ್ಕೆ, ಕೈಗೆ ಹಿಡಿದು ಹಿಂದಕ್ಕೆ ಎಳೆದರು. ಒಬ್ಬಳು ಒಲೆಯ ಬೂದಿ ತಂದು ನಮ್ಮ ಮುಂದೆ ಎರಚಿದಳು. ಒಬ್ಬ ಮುದುಕ ಕೋಲು ಅಡ್ಡ ಹಿಡಿದು ನಿಂತ.

"ನೀನು ಯಾರೇ ಆಗಿರು, ಇನ್ನೊಂದು ಹೆಜ್ಜೆ ಇಡಬೇಡ. ಬಂದ ದಾರಿಲೇ ಹೊರಗೆ ನಡಿ."

"ಅಜ್ಜಾ, ನಾನು," ಎಂದ ಹುಡುಗ. "ಒಕೆಯೊ."

"ಒಕೆಯೊನ ನಾವು ಹೂತಿದ್ದೀವಿ," ಎಂದ ಮುದುಕ.

ಆಗ ನೋಡಿದೆ. ಗೇಟಿನ ಎಡಕ್ಕೆ ಎರಡು ಗೋರಿ. ದೊಡ್ಡದರ ಮೇಲೆ ಚಿಕ್ಕಪ್ಪನ ಹೆಸರು. ಚಿಕ್ಕದರ ಶಿಲುಬೆಯ ಮೇಲೆ ಒಕೆಯೊ ಎಂದು ಬರೆದು, ಹುಟ್ಟಿದ ದಿನ, ಸತ್ತ ದಿನ. ಸತ್ತ ದಿನ ಎರಡರಲ್ಲೂ ಒಂದೇ. ಅವನು ಲಾರಿ ಹತ್ತಿದ ಆ ಸಂಜೆಯೇ ದೋಣಿ ಮುಳುಗಿತ್ತು. ಚಿಕ್ಕಪ್ಪನ ಹೆಣ ಸಿಕ್ಕಿತು, ಹುಡುಗನದು ಸಿಗಲಿಲ್ಲ. ಹೆಣ ಸಿಗದಿದ್ದರೆ ನಮ್ಮವರು ಏನು ಮಾಡುತ್ತಾರೋ ಅದನ್ನೇ ಮಾಡಿದ್ದರು: ಸೋರೆಯಷ್ಟು ಉದ್ದದ ಯಾಗೊ ಕಾಯಿಯೊಂದನ್ನು ಬಟ್ಟೆಯಲ್ಲಿ ಸುತ್ತಿ, ಅವನ ಹೆಸರಿಟ್ಟು, ಅತ್ತು, ಹೂತಿದ್ದರು. ಹಾಗೆ ಒಮ್ಮೆ ಮಣ್ಣಾದವನು ನಡುಹಗಲಲ್ಲಿ ಗೇಟಿನಿಂದ ನಡೆದು ಬಂದರೆ ಅವನ ಹಿಂದೆ ಸಾವೂ ಬರುತ್ತದೆ, ಉಳಿದ ಮಕ್ಕಳನ್ನು ಕೊಂಡೊಯ್ಯುತ್ತದೆ. ಇದು ನನಗೆ ಗೊತ್ತಿಲ್ಲದ ಮಾತಲ್ಲ. ನಾನೂ ಇಲ್ಲಿಯವಳೇ. ಸರೋವರ, ದೋಣಿ, ಎರಡು ವರ್ಷ ಸುದ್ದಿಯಿಲ್ಲದ ಮಗು ಎಂದ ಕೂಡಲೇ ಯಾರಿಗಾದರೂ ಹೊಳೆಯಬೇಕಿತ್ತು. ನನ್ನ ತಲೆಯಲ್ಲಿ ಫೋಟೊ ಬಿಟ್ಟು ಬೇರೇನೂ ಇರಲಿಲ್ಲ.

ಹುಡುಗ ಶಿಲುಬೆಯನ್ನು ಓದಿದ. ತುಟಿ ಅಲ್ಲಾಡಿಸಿಕೊಂಡು, ನಿಧಾನಕ್ಕೆ. ನಂತರ ತಾಯಿಯ ಕಡೆ ನೋಡಿದ. ಅವಳ ಬಾಯಿಗೆ ಯಾರೋ ಕೈ ಅಡ್ಡ ಹಿಡಿದಿದ್ದರು. ಅವನು ತಿರುಗಿ ಓಡಿದ. ನಾನು ಕೂಗುತ್ತಾ ಹಿಂದೆ ಓಡಿದೆ. ಹನ್ನೊಂದು ವರ್ಷದ ಕಾಲಿಗೆ ನನ್ನ ಕಾಲು ಸಾಟಿಯೇ? ಸಂಜೆಯವರೆಗೆ ರಸ್ತೆಯಲ್ಲಿ ಹುಡುಕಿ ಕಿಸುಮುಗೆ ಒಬ್ಬಳೇ ಮರಳಿದೆ.

ಶುಕ್ರವಾರ ಬೆಳಿಗ್ಗೆ ರೊಸೆಲಿಡಾಳ ಮನೆಗೆ ಹೋದೆ. ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತಿದ್ದಳು. ಎಲ್ಲ ಹೇಳಿದೆ, ಸುಳ್ಳನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು.

"ಶಿಲುಬೆ ಓದಿದನಾ?" ಎಂದಳು.

"ಓದಿದ."

"ಪೂರ್ತಿ?"

"ದಿನಾಂಕ ಸಮೇತ."

ಅವಳು ಕಂಬಳಿ ತೆಗೆದಿಟ್ಟು ಎದ್ದಳು. "ಹಾಗಾದ್ರೆ ಅಲ್ಲೇ ಇದ್ದಾನೆ. ತಾಯಿ ಮುಖ ನೋಡಿದ ಮಗು, ಹೊಡೆದು ಓಡಿಸಿದ್ರೂ ಒಂದು ದಿನದಲ್ಲಿ ಊರು ಬಿಡಲ್ಲ. ನಡಿ."

"ನಿನಗೆ ಜ್ವರ ಇದೆ, ಅಲೇಗೊ ಮಗಳೇ."

"ವ್ಯಾನಿನಲ್ಲಿ ಕೂತ್ರೂ ಜ್ವರ ಇರುತ್ತೆ, ಇಲ್ಲಿ ಕೂತ್ರೂ ಇರುತ್ತೆ. ನೀರಿನ ಬಾಟಲಿ ತಗೋ."

ಅವಳು ಹೇಳಿದ್ದು ಸರಿಯಾಗಿತ್ತು, ಎಂದಿನಂತೆ. ಉಲಾಂಗದ ದಂಡೆಯಲ್ಲಿ ಒಡೆದ ದೋಣಿಯೊಂದರ ನೆರಳಲ್ಲಿ ಹುಡುಗ ಕೂತಿದ್ದ. ಮೀನು ಒಣಗಿಸುವ ಹೆಂಗಸರು ಹೊಸಬರು, ಯಾವ ಹುಡುಗನೆಂದು ತಿಳಿಯದೆ ಹುರಿದ ಮೀನು ಕೊಟ್ಟಿದ್ದರು. ನನ್ನನ್ನು ನೋಡಿ ಎದ್ದು ಓಡಲು ಹೊರಟವನು ನನ್ನ ಹಿಂದೆ ಅವಳನ್ನು ಕಂಡು ನಿಂತ.

"ರೋಸಾ ಅಮ್ಮಾ, ನಾನು ಸತ್ತಿದ್ದೀನಂತೆ."

ರೊಸೆಲಿಡಾ ಅವನ ಸುತ್ತ ಬಿದ್ದಿದ್ದ ಮೀನಿನ ಮುಳ್ಳುಗಳನ್ನು ನೋಡಿದಳು. "ಸತ್ತೋರು ಇಷ್ಟು ಮೀನು ತಿನ್ನಲ್ಲ ಕಣೋ. ಏಳು ಮೀನು! ನನಗೊಂದೂ ಉಳಿಸಿಲ್ಲ."

ಹುಡುಗ ಅವಳ ಲಂಗದಲ್ಲಿ ಮುಖ ಹುದುಗಿಸಿ ಅತ್ತ. ಅವಳು ಅಳು ಮುಗಿಯುವವರೆಗೆ ನಿಂತು ನನಗೆ ಹೇಳಿದಳು: "ಇವನ ಜೊತೆ ಕೂತಿರು. ನಾನು ಮುಂಚೆ ಹೋಗಿ ಬರ್ತೀನಿ."

ನಾವಿಬ್ಬರೂ ದೋಣಿಯ ಎರಡು ತುದಿಯಲ್ಲಿ ಕೂತೆವು. ತುಂಬ ಹೊತ್ತಿನ ಮೇಲೆ, "ತಪ್ಪಾಯ್ತು ಮಗಾ," ಎಂದೆ.

"ಹೋಗಿ ಬಂದಿದ್ದಾರೆ ಅಂದ್ರಿ," ಎಂದ ಅವನು, ನೀರಿನ ಕಡೆ ನೋಡುತ್ತಾ. ಅಷ್ಟೇ.

ರೊಸೆಲಿಡಾ ಬಂದಾಗ ಹೊತ್ತು ಮುಳುಗುತ್ತಿತ್ತು. ಜ್ವರದಿಂದ ಕಣ್ಣು ಕೆಂಪಾಗಿತ್ತು, ಆದರೆ ಮಾತು ಮುಗಿಸಿಕೊಂಡು ಬಂದಿದ್ದಳು. ಮೊದಲು ಯಾಗೊ ಕಾಯಿಯನ್ನು ಅಗೆದು ತೆಗೆಯಬೇಕು. ಒಂದು ಕುರಿ ಕಡಿಯಬೇಕು. ಹುಡುಗನ ತಲೆ ಬೋಳಿಸಿ, ಗೇಟಿನಿಂದಲ್ಲ, ಬೇಲಿ ಒಡೆದು ಅಲ್ಲಿಂದ ಒಳಗೆ ಕರೆಯಬೇಕು. ಮೈಮೇಲಿನ ಬಟ್ಟೆ ಹೊರಗೇ ಸುಡಬೇಕು. ಅಜ್ಜನಿಗೆ ಅದೇನೂ ಕಷ್ಟವಲ್ಲ. ಹೇಳದೆ ಕೇಳದೆ ತಂದು ನಿಲ್ಲಿಸಿದ್ದೇ ಅವನಿಗೆ ಕಷ್ಟವಾದದ್ದು. "ಇನ್ನೊಬ್ಬ ಮೊಮ್ಮಗ ಹಾಲು ಕುಡಿಯೋ ಕೂಸು," ಎಂದಳು ರೊಸೆಲಿಡಾ. "ಅದರ ಭಯ ಅವನಿಗೆ. ಆ ತಾಯಿ ನಿನ್ನೆಯಿಂದ ನೀರೂ ಮುಟ್ಟಿಲ್ಲ."

ಶನಿವಾರ ಸೂರ್ಯ ಹುಟ್ಟುವಾಗ ಎಲ್ಲ ನಡೆಯಿತು. ಕಳ್ಳಿಯ ಬೇಲಿ ಕಡಿದು ಸಣ್ಣ ದಾರಿ ಮಾಡಿದರು. ಬೋಳು ತಲೆಯ ಹುಡುಗ ಒಂದು ತುಂಡು ಬಟ್ಟೆ ಸುತ್ತಿಕೊಂಡು ನಿಂತಿದ್ದ. ಮುದುಕ ಒಳಗಿಂದ ಕೇಳಿದ, "ಯಾರು?"

"ಒಕೆಯೊ."

"ಯಾರ ಮಗ?"

ಹುಡುಗ ಅಮ್ಮನ ಹೆಸರು ಹೇಳಿದ. ಮುದುಕ ಕೈ ಚಾಚಿ ಎಳೆದುಕೊಂಡ. ಮುಂದೆ ನನಗೆ ಕಂಡದ್ದು ತಾಯಿಯ ಬೆನ್ನು ಮಾತ್ರ. ಅವಳು ಅವನ ಮೇಲೆ ಬಿದ್ದಳೋ ಅವನು ಅವಳ ಮೇಲೆ ಬಿದ್ದನೋ, ಹೇಳಲಾರೆ.

ನನಗೆ ಒಳಗೆ ಬರಬೇಡವೆಂದಿದ್ದರು. ತಪ್ಪು ದಾರಿಯಲ್ಲಿ ತಂದವಳು ಹೊರಗಿದ್ದು ಬಟ್ಟೆ ಸುಡಲಿ ಎಂದು ಅಜ್ಜನ ಮಾತು. ನೀಲಿ ಅಂಗಿಯನ್ನು ನಾನೇ ಸುಟ್ಟೆ. ತಿರುಗಿ ನೋಡಿದರೆ ರೊಸೆಲಿಡಾ ಒಳಗೆ ಹೋಗಿರಲಿಲ್ಲ, ಬೇಲಿಗೆ ಬೆನ್ನು ಹಾಕಿ ನನ್ನ ಪಕ್ಕದಲ್ಲೇ ನಿಂತಿದ್ದಳು.

"ಹೋಗು, ನಿನ್ನ ಕರೀತಿದ್ದಾರೆ," ಎಂದೆ. ನನ್ನ ದನಿಯಲ್ಲಿ ಹುಳಿ ಇತ್ತು.

"ಸ್ವಲ್ಪ ತಡಿ. ಈಗ ಆ ಹೆಂಗಸಿನ ಮುಖ ನನ್ನಿಂದ ನೋಡಕ್ಕಾಗಲ್ಲ."

"ಯಾಕೆ?"

"ಹೊಟ್ಟೆ ಉರಿಯುತ್ತೆ. ಇನ್ಯಾಕೆ?" ಎಂದಳು. "ನೀನೊಬ್ಬಳೇ ಅಂದ್ಕೊಂಡ್ಯಾ? ನಾನು ಮುಂಚೆ ಹೋಗೋದು ಯಾಕೆ ಅಂತ ಹೇಳ್ತೀನಿ ಕೇಳು. ಮನೆ ನೋಡೋಕೆ, ಹೌದು. ಆದ್ರೆ ನಿಮ್ಮ ಮಗ ಸಿಕ್ಕಿದ್ದಾನೆ ಅಂದ ಕೂಡಲೇ ಆ ತಾಯಿ ಮುಖ ಒಂಥರಾ ಆಗುತ್ತಲ್ಲ, ಅದನ್ನ ನೋಡಿದ್ರೆ ನನಗೆ ಅವಳ ಕೂದಲು ಹಿಡಿದು ಹೊಡೀಬೇಕು ಅನ್ಸುತ್ತೆ. ಅವತ್ತು ಒಬ್ಬಳೇ ವಾಪಸ್ ಬರ್ತಾ ಆ ಸಿಟ್ಟೆಲ್ಲ ಕಳ್ಕೊಂಡು ಬರ್ತೀನಿ. ಆಮೇಲೆ ಮಗು ಜೊತೆ ಹೋದಾಗ ಫೋಟೊಗೆ ನಿಲ್ಲೋಕಾಗುತ್ತೆ. ಈ ಸಲ ಟೈಮೇ ಸಿಗಲಿಲ್ಲ."

ಅವಳಿಗೆ ಮಗನಿದ್ದ. ಒಡೆರೊ. ಒಂಬತ್ತು ವರ್ಷದವನು, ಹನ್ನೊಂದು ವರ್ಷದ ಹಿಂದೆ ಪೇಟೆಗೆಂದು ಹೋದವನು ಬರಲಿಲ್ಲ. ಅವನನ್ನು ಹುಡುಕುತ್ತಲೇ ಬಸ್ ನಿಲ್ದಾಣಕ್ಕೆ ಬಂದಿದ್ದಳು, ಅಲ್ಲಿಂದ ನಮ್ಮ ಪಾತ್ರೆ ತೊಳೆಯಲು. ಎಂಟು ವರ್ಷದಲ್ಲಿ ನಾನು ಅವಳನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ನಲವತ್ತೆರಡು ಪ್ರಶ್ನೆ ಇಟ್ಟುಕೊಂಡವಳು!

"ಅವನಿಗೂ ಯಾಗೊ...?" ಎಂದು ಅರ್ಧಕ್ಕೆ ನಿಲ್ಲಿಸಿದೆ.

"ಹೂತಿದ್ದಾರೆ. ನಾನು ಬೇಡ ಅಂದೆ, ಗಂಡನ ಮನೆಯವರು ಕೇಳಲಿಲ್ಲ. ನಾಲ್ಕು ವರ್ಷ ಆಯ್ತು, ಆ ಅಂಗಳಕ್ಕೆ ಕಾಲಿಟ್ಟಿಲ್ಲ, ಇಡೋದೂ ಇಲ್ಲ." ಅವಳು ಗೇಟಿನ ಕಡೆ ನೋಡಿದಳು. "ಮೊನ್ನೆ ಈ ಗೇಟಲ್ಲಿ ಏನಾಯ್ತು ಅಂತ ನೀನು ಹೇಳಿದಾಗಿಂದ ಒಂದೇ ಯೋಚನೆ. ಅವನು ಬದುಕಿದ್ದು, ತಾನಾಗೇ ದಾರಿ ಹುಡುಕ್ಕೊಂಡು ಹೋದ್ರೆ? ಇಪ್ಪತ್ತು ವರ್ಷದ ಗಂಡಸು. ಅವನಿಗಿಂತ ಮುಂಚೆ ಹೋಗೋರು ಯಾರು?"

ನಾನು ಬೂದಿಯನ್ನು ಕೋಲಿನಿಂದ ಕೆದಕಿದೆ. ಒಳಗಿಂದ ಮತ್ತೆ ಕರೆದರು. ಅವಳು ಮುಖ ಒರೆಸಿಕೊಂಡು ಬೇಲಿಯ ದಾರಿಯಿಂದ ಒಳಗೆ ಹೋದಳು, ಹೋಗಿ ನಕ್ಕಳು.

ಕಿಸುಮುಗೆ ಬಂದ ಮೇಲೆ ಮೇಷ್ಟ್ರಿಗೆ ನಿಜ ಹೇಳಿದೆ. ಆರು ತಿಂಗಳು ಮಕ್ಕಳ ಜೊತೆ ಹೊರಗೆ ಹೋಗಬಾರದೆಂದರು. ಒಕೆಯೊನ ಫೋಟೊ ಗೋಡೆಗೆ ಬಂತು, ಪಕ್ಕದಲ್ಲಿ ರೊಸೆಲಿಡಾ. ನಲವತ್ತೆಂಟು. ಅದನ್ನು ನೋಡಿದಾಗ ಹೊಟ್ಟೆ ಈಗಲೂ ಚುರುಕ್ ಎನ್ನುತ್ತದೆ. ಒಂದೇ ದಿನದಲ್ಲಿ ದೇವತೆಯಾಗುವ ಜನರ ಮೇಲೆ ನನಗೆ ನಂಬಿಕೆಯಿಲ್ಲ.

ಆದರೆ ನನ್ನ ಮೊದಲ ರಜೆಯಲ್ಲಿ ಒಂದು ಸೋಪು, ಒಂದು ಪೊಟ್ಟಣ ಸಕ್ಕರೆ ಕಟ್ಟಿಕೊಂಡು ರೊಸೆಲಿಡಾಳ ಗಂಡನ ಊರಿರುವ ಗೆಮ್ ಸೀಮೆಯ ವ್ಯಾನು ಹತ್ತಿದೆ. ಅವಳಿಗೆ ಹೇಳಲಿಲ್ಲ. ಅವಳ ಗಂಡನ ಮನೆಯಲ್ಲಿ ಅತ್ತೆ ಒಬ್ಬಳೇ ಜಗಲಿಯಲ್ಲಿ ಕಾಳು ಬಿಡಿಸುತ್ತಿದ್ದಳು. ಒಡೆರೊನ ಹೆಸರೆತ್ತಿದ ಕೂಡಲೇ ಮುದುಕಿಯ ಕೈ ನಿಂತಿತು.

"ಸಿಕ್ಕಿದನಾ?"

"ಇಲ್ಲಜ್ಜಿ. ಬದುಕಿದ್ದಾನೋ ಇಲ್ಲವೋ, ಅದೂ ಗೊತ್ತಿಲ್ಲ. ಒಂದ್ವೇಳೆ ಬಂದ್ರೆ ಕೋಲು ಎತ್ತಬೇಡಿ, ಬೂದಿ ಎರಚಬೇಡಿ. ಹೊರಗೇ ನಿಲ್ಲಿಸಿ, ಆದ್ರೆ ಅವನ ಹೆಸರು ಹಿಡಿದು ಕರೀರಿ, ನೀರು ಕೊಡಿ. ಬೇಲಿ ಕಡಿದು ಒಳಗೆ ಕರ್ಕೊಳ್ಳಿ. ಇಷ್ಟು ಹೇಳೋಕೆ ಬಂದೆ."

ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನು ನನ್ನ ಸೊಸೆಗೆ ಏನಾಗಬೇಕು? ಅಕ್ಕನಾ, ತಂಗಿನಾ?"

"ಏನೂ ಆಗಬೇಕಿಲ್ಲ," ಎಂದೆ. "ಅವಳನ್ನ ಕಂಡ್ರೆ ನನಗಾಗಲ್ಲ."

ಮುದುಕಿ ಚಾಪೆಯ ಮೇಲಿದ್ದ ಕಾಳನ್ನು ಬದಿಗೆ ಸರಿಸಿ, ನನಗೆ ಕೂರಲು ಜಾಗ ಮಾಡಿದಳು.